ಊಟ ಬಿಡುವುದು ಹಟವಲ್ಲ, ಕಾಯಿಲೆ

ಮಗಳು ಸರಿಯಾಗಿ ಊಟ ಮಾಡೋಲ್ಲ. ಕೇಳಿದರೆ ‘ಹೊಟ್ಟೆ ಉಬ್ಬರ’ ಅಂತಾಳೆ, ‘ಕಾಲೇಜಲ್ಲೇ ತಿಂದೆ’ ಅಂತಾಳೆ. ಮನೆಯವರು ಮೊದಲು ಗ್ಯಾಸಿನ ಮಾತ್ರೆ ಕೊಡಿಸ್ತಾರೆ. ಆಮೇಲೆ ದೃಷ್ಟಿ ತೆಗೀತಾರೆ. ಕೊನೆಗೆ ಬೈತಾರೆ. ಅಷ್ಟರಲ್ಲಿ ಹುಡುಗಿ ಕಡ್ಡಿಯಾಗಿರ್ತಾಳೆ.

ಇದು ಕೊಬ್ಬೂ ಅಲ್ಲ, ಫ್ಯಾಷನ್ನೂ ಅಲ್ಲ ಸ್ವಾಮಿ. ಲಂಡನ್ನಿನ ಡಾಕ್ಟರ್ ವಿಲಿಯಂ ಗಲ್ 1873ರಲ್ಲೇ ಇದಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟಿದ್ದರು. ಹೊಟ್ಟೆ ಬಿರಿಯ ತಿಂದು ಕದ್ದು ವಾಂತಿ ಮಾಡುವುದು ಇನ್ನೊಂದು ಬಗೆ. ಅದಕ್ಕೆ ‘ಬುಲಿಮಿಯಾ’ ಎನ್ನುತ್ತಾರೆ. ಅಮೆರಿಕದ ಹೆಸರಾಂತ ಗಾಯಕಿ ಕರೆನ್ ಕಾರ್ಪೆಂಟರ್ ವರ್ಷಗಟ್ಟಲೆ ಅನ್ನ ಬಿಟ್ಟು, 1983ರ ಫೆಬ್ರವರಿಯಲ್ಲಿ ಹೃದಯ ಕೈಕೊಟ್ಟು ತೀರಿಕೊಂಡಾಗ ವಯಸ್ಸು ಬರೀ 32. ಹಣವಿತ್ತು, ಹೆಸರಿತ್ತು, ಜೀವ ಉಳಿಯಲಿಲ್ಲ.

ನಮ್ಮ ಕಡೆ ಇದನ್ನು ಗುರುತಿಸುವುದು ಇನ್ನೂ ಕಷ್ಟ. ‘ದಪ್ಪ ಆಗ್ತೀನಿ ಅಂತ ಭಯ’ ಎಂದು ಎಲ್ಲರೂ ಬಾಯಿ ಬಿಡೋಲ್ಲ. ಹೊಟ್ಟೆ ಭಾರ, ಅಜೀರ್ಣ ಎಂದಷ್ಟೇ ಹೇಳುವವರೂ ಇದ್ದಾರೆ. ಇನ್ನು ಕೆಲವರಿಗೆ ಉಪವಾಸ, ಒಪ್ಪತ್ತು ಒಳ್ಳೆ ನೆಪ. ವ್ರತ ಮಾಡುವುದು ತಪ್ಪಲ್ಲ. ವ್ರತ ಮುಗಿದ ಮೇಲೂ ತಟ್ಟೆ ಮುಂದೆ ಕೂರದಿದ್ದರೆ ಎಚ್ಚರವಾಗಿ.

ಮನೆಯವರ ಕಣ್ಣಿಗೆ ಬೀಳುವ ಗುರುತುಗಳಿವು: ತುತ್ತನ್ನು ಚೂರು ಚೂರು ಮಾಡಿ ತಟ್ಟೆಯಲ್ಲೇ ಆಡಿಸುವುದು. ಕೈ ತೊಳೆದ ತಕ್ಷಣ ಬಚ್ಚಲಿಗೆ ಹೋಗಿ ನಲ್ಲಿ ಬಿಡುವುದು. ಬೇಸಿಗೆಯಲ್ಲೂ ಚಳಿ ಎನ್ನುವುದು. ಮುಟ್ಟು ನಿಲ್ಲುವುದು. ಕೂದಲು ಉದುರುವುದು, ತಲೆಸುತ್ತು. ವಾಂತಿ ಮಾಡಿಕೊಳ್ಳುವವರ ಹಲ್ಲು ಸವೆಯುತ್ತೆ, ಕೆನ್ನೆ ಊದುತ್ತೆ, ಬೆರಳ ಗೆಣ್ಣಿನ ಮೇಲೆ ಗಾಯದ ಕಲೆ ಬೀಳುತ್ತೆ. ಅವರು ಸಣ್ಣಗಿರಲೇಬೇಕು ಅಂತೇನಿಲ್ಲ. ಗಂಡು ಹುಡುಗರಿಗೂ ಬರುತ್ತೆ.

ಬೈದರೆ ಬಗ್ಗೋಲ್ಲ. ಬಾಯಿಗೆ ತುರುಕಿದರೆ ಬಚ್ಚಿಡೋದು ಕಲೀತಾರೆ. ಊಟದ ಹೊತ್ತು ಬಿಟ್ಟು, ಒಬ್ಬರೇ ಇದ್ದಾಗ ಮಾತಾಡಿಸಿ. ತೂಕದ ಸುದ್ದಿ ಎತ್ತಬೇಡಿ, ಕಂಡದ್ದನ್ನು ಹೇಳಿ: “ಪುಟ್ಟಿ, ಮೊನ್ನೆ ಮೆಟ್ಟಿಲ ಮೇಲೆ ತಲೆ ಸುತ್ತಿ ಕೂತ್ಯಲ್ಲ, ನಂಗೆ ಭಯ ಆಯ್ತು. ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ.” ಮೊದಲ ಸಲ ‘ನಂಗೇನಾಗಿಲ್ಲ’ ಅಂತಾರೆ. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿ.

ಅಂಗಡಿಯವರಿಗೂ ಒಂದು ಮಾತು. ಹರೆಯದ ಮಕ್ಕಳು ಪದೇ ಪದೇ ಭೇದಿ ಮಾತ್ರೆ, ಸಣ್ಣ ಆಗುವ ಪುಡಿ ಕೇಳಿದರೆ ಸುಮ್ಮನೆ ಕಟ್ಟಿಕೊಡಬೇಡಿ, ‘ಯಾಕಮ್ಮ?’ ಅಂತ ವಿಚಾರಿಸಿ. ಬಸ್ಸಲ್ಲಿ ಸಿಕ್ಕ ಹುಡುಗಿಗೆ ‘ಏನೇ, ಉಬ್ಬಿಬಿಟ್ಟಿದ್ದೀಯ’ ಅನ್ನುವ ನೆಂಟರೂ ನಾಲಿಗೆ ಹಿಡಿದುಕೊಂಡರೆ ಪುಣ್ಯ.

ಬಹಳ ದಿನ ಹೊಟ್ಟೆಗಿಲ್ಲದವರಿಗೆ ಒಮ್ಮೆಲೇ ತುಂಬ ತಿನ್ನಿಸಬಾರದು. ರಕ್ತದ ಲವಣಾಂಶ ಕುಸಿದು ಪ್ರಾಣಕ್ಕೆ ಅಪಾಯವಾಗಬಹುದು. ಡಾಕ್ಟರು ಹೇಳಿದ ಲೆಕ್ಕದಲ್ಲಿ ಏರಿಸಬೇಕು. ಮೂರ್ಛೆ ಹೋದರೆ, ಎದೆ ಬಡಿತ ಏರುಪೇರಾದರೆ, ‘ಸಾಯ್ತೀನಿ’ ಎಂದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಿರಿ.

ಇದು ವಾಸಿಯಾಗುವ ಕಾಯಿಲೆ, ಆದರೆ ತಿಂಗಳುಗಟ್ಟಲೆ ತಾಳ್ಮೆ ಬೇಕು. ಹರೆಯದವರಿಗೆ ಮನೆಯವರೇ ಪಕ್ಕದಲ್ಲಿ ಕೂತು ದಿನಕ್ಕೆ ಮೂರು ಹೊತ್ತು ಉಣ್ಣಿಸುವ ಚಿಕಿತ್ಸೆ ಲಂಡನ್ನಿನ ಮಾಡ್‌ಸ್ಲಿ ಆಸ್ಪತ್ರೆಯಿಂದ ಬಂದದ್ದು, ಚೆನ್ನಾಗಿ ಫಲ ಕೊಟ್ಟಿದೆ. ತಪ್ಪು ಹೆತ್ತವರದ್ದು ಅಂತಲ್ಲ, ಹೆತ್ತವರೇ ಅರ್ಧ ಔಷಧಿ ಅಂತ.

ಬೆಂಗಳೂರಿಗೇ ಓಡಬೇಕಾಗಿಲ್ಲ. ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. 2022ರಲ್ಲಿ ಶುರುವಾದ ಟೆಲಿ ಮಾನಸ್‌ಗೆ, ನಂಬರ್ 14416, ಹಗಲು ರಾತ್ರಿ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು.

ಜನ ಏನಂತಾರೋ ಅಂತ ಕೂತರೆ ಹೋಗೋದು ಜನರ ಮಗು ಅಲ್ಲ, ನಮ್ಮ ಮಗು.