ಅತ್ತರೆ ಬಿಸ್ಕೆಟ್, ಸಿಟ್ಟು ಬಂದರೆ ಚಿಪ್ಸ್: ಮಗು ತಿಂತಾನೇ ಇದ್ದರೆ ಬೈಯುವ ಮೊದಲು ಇದನ್ನು ಓದಿ

ತಿಂಗಳ ಕೊನೆಗೆ ಉದ್ರಿ ಲೆಕ್ಕ ಕೂಡಿಸುವಾಗ ನಮ್ಮ ಓಣಿಯ ಕಿರಾಣಿ ಅಂಗಡಿಯವರ ಕಣ್ಣಿಗೆ ಒಂದು ವಿಷಯ ಬಿತ್ತು. ಒಂದೇ ಮನೆಯ ಖಾತೆಯಲ್ಲಿ ಐದು ರೂಪಾಯಿ, ಹತ್ತು ರೂಪಾಯಿಯ ಪ್ಯಾಕೆಟ್‌ಗಳು ಸಾಲುಸಾಲಾಗಿ ಇದ್ದವು. ಒಯ್ದವನು ಆರು ವರ್ಷದ ಹುಡುಗ. ‘ಅಪ್ಪನ ಲೆಕ್ಕಕ್ಕೆ ಬರ್ಕೊಳ್ರಿ ಮಾಮಾ’ ಅಂತ ಹೇಳಿ ತಗೊಂಡು ಹೋಗುತ್ತಿದ್ದನಂತೆ.

ಲೆಕ್ಕ ನೋಡಿದ ತಾಯಿ ಅಂಗಡಿ ಮುಂದೆಯೇ ಮಗನ ಬೆನ್ನಿಗೆ ಎರಡು ಬಾರಿಸಿದರು. ಹಾಸಿಗೆ ಕೆಳಗೂ ಖಾಲಿ ಕವರ್‌ಗಳು ಸಿಕ್ಕಿದ್ದವು. ‘ಹೊಟ್ಟೆಬಾಕ’, ‘ಕಳ್ಳ’ ಅನ್ನೋ ಹೆಸರೂ ಬಂತು. ಅಂಗಡಿಯವರು ಮಾತ್ರ ಆಮೇಲೆ ಬೇರೆಯದೇ ಮಾತು ಹೇಳಿದರು: ‘ಹಸಿವಾಗಿ ಬರ್ತಿರಲಿಲ್ಲ ಸರ್ ಅವನು. ಊಟ ಮಾಡ್ಕೊಂಡೇ ಬರ್ತಿದ್ದ. ಮನೇಲಿ ಗಲಾಟೆ ಆದ ದಿನ ಎರಡು ಸಲ ಬರ್ತಿದ್ದ.’

ಈ ಮಾತಿನಲ್ಲಿ ಇಡೀ ವಿಷಯ ಅಡಗಿದೆ.

ಹೊಟ್ಟೆಯ ಹಸಿವೇ ಬೇರೆ

ಮಕ್ಕಳು ಕೆಲವು ವಾರ ಜಾಸ್ತಿ ತಿನ್ನೋದು, ಕೆಲವು ವಾರ ತಟ್ಟೆ ಮುಟ್ಟದೇ ಇರೋದು ಸಹಜ. ಬೆಳೆಯುವ ವಯಸ್ಸು, ಓಡಾಟ ಜಾಸ್ತಿ. ಅದಕ್ಕೆ ಯಾರೂ ಗಾಬರಿಯಾಗಬೇಕಿಲ್ಲ. ಹಸಿದ ಮಗು ರೊಟ್ಟಿ ಕೊಟ್ಟರೂ ತಿನ್ನುತ್ತೆ, ಅನ್ನ ಕೊಟ್ಟರೂ ತಿನ್ನುತ್ತೆ, ಹೊಟ್ಟೆ ತುಂಬಿದ ಮೇಲೆ ಎದ್ದು ಆಟಕ್ಕೆ ಓಡುತ್ತೆ. ಇನ್ನೊಂದು ಥರದ ತಿನ್ನುವಿಕೆ ಇದೆ. ಊಟ ಆಗಿ ಅರ್ಧ ಗಂಟೆಯೂ ಆಗಿರಲ್ಲ, ಮತ್ತೆ ಡಬ್ಬಿ ಹುಡುಕಾಟ ಶುರು. ರೊಟ್ಟಿ ಬೇಡ, ಇಂಥದ್ದೇ ಬೇಕು ಅನ್ನುವ ಹಟ. ಅತ್ತಾಗ, ಹೆದರಿದಾಗ, ಬೇಜಾರಾದಾಗ ಅದು ಇನ್ನೂ ಜಾಸ್ತಿ.

ದೊಡ್ಡವರಿಗೆ ಟೆನ್ಷನ್ ಆದರೆ ಚಹಾ ಅಂಗಡಿಗೆ ಹೋಗ್ತೀವಿ, ಯಾರ ಹತ್ರವಾದರೂ ಹೇಳ್ಕೋತೀವಿ. ನಾಲ್ಕೈದು ವರ್ಷದ ಮಗುವಿಗೆ ‘ನನಗೆ ಭಯ ಆಗ್ತಿದೆ’ ಅಂತ ಹೇಳೋಕೆ ಮಾತೇ ಬರಲ್ಲ. ಒಳಗೆ ಏನೋ ಆಗ್ತಿದೆ ಅಂತಷ್ಟೇ ಗೊತ್ತು. ಸಿಹಿಯೋ ಕುರುಕಲೋ ಬಾಯಿಗೆ ಬಿದ್ದರೆ ಸ್ವಲ್ಪ ಹೊತ್ತು ಅದು ಮರೆಯುತ್ತೆ.

ಇದನ್ನು ಕಲಿಸಿದವರು ಯಾರು? ಬಹಳ ಸಲ ನಾವೇ. ಮಗು ಬಿದ್ದು ಅತ್ತರೆ ಕೈಗೆ ಬಿಸ್ಕೆಟ್. ಬಸ್ಸಿನಲ್ಲಿ ಹಟ ಮಾಡಿದರೆ ಕುರುಕಲು ಪ್ಯಾಕೆಟ್. ಸೂಜಿ ಚುಚ್ಚಿಸಿಕೊಂಡರೆ ಚಾಕೊಲೇಟ್. ನಾರ್ವೆ ದೇಶದ ಟ್ರಾಂಡ್‌ಹೈಮ್ ನಗರದಲ್ಲಿ 801 ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಹತ್ತನೇ ವಯಸ್ಸಿನವರೆಗೆ ಗಮನಿಸಿದ ಅಧ್ಯಯನ ಇದೆ. ಸಮಾಧಾನ ಮಾಡಲು ತಿಂಡಿ ಕೊಡುತ್ತಿದ್ದ ಮನೆಗಳ ಮಕ್ಕಳು ಮುಂದೆ ಬೇಸರ ಆದಾಗ ತಿನ್ನುವುದು ಜಾಸ್ತಿ ಇತ್ತು. ಅದೇ ಅಧ್ಯಯನ ಇನ್ನೊಂದು ಮಾತನ್ನೂ ಹೇಳುತ್ತೆ: ಬೇಗ ಅಳುವ, ಬೇಗ ಸಿಟ್ಟಾಗುವ ಮಕ್ಕಳಿಗೇ ಅಪ್ಪ ಅಮ್ಮ ಜಾಸ್ತಿ ತಿಂಡಿ ಕೊಟ್ಟು ಸುಮ್ಮನಾಗಿಸುತ್ತಾರೆ. ಅಂದರೆ ಇದು ಎರಡೂ ಕಡೆಯಿಂದ ಸುತ್ತುವ ಗಾಣ. ತಾಯಿಯೊಬ್ಬರ ತಲೆ ಮೇಲೆ ತಪ್ಪು ಹೊರಿಸುವ ಮೊದಲು ಇದು ನೆನಪಿರಲಿ.

ಕೆಲವು ಮಕ್ಕಳಿಗೆ ತಡೆಯೋದೇ ಕಷ್ಟ

ಎಡಿಎಚ್‌ಡಿ ಇರುವ ಮಗುವಿಗೆ, ಅಂದರೆ ಒಂದು ಕಡೆ ಕೂರದ, ಕಾಯಲಾಗದ, ಯೋಚಿಸುವ ಮೊದಲೇ ಕೈ ಹಾಕುವ ಮಗುವಿಗೆ, ‘ಸಾಕು’ ಅನ್ನುವ ಹೊಟ್ಟೆಯ ಮಾತು ಕೇಳಿಸುವ ಮೊದಲೇ ಪ್ಯಾಕೆಟ್ ಖಾಲಿ ಆಗಿರುತ್ತೆ. ಆಟಿಸಂ ಇರುವ ಕೆಲವು ಮಕ್ಕಳು ಒಂದೇ ರುಚಿ, ಒಂದೇ ಗರಿಗರಿ ಬೇಕು ಅಂತ ಅದನ್ನೇ ಹಿಡಿದು ಕೂರುತ್ತಾರೆ. ಮನೆಯಲ್ಲಿ ಸಾವು, ಅಪ್ಪನ ಕುಡಿತ, ಹೊಡೆತ, ಹಾಸ್ಟೆಲಿಗೆ ಬಿಟ್ಟಿದ್ದು, ಹೊಸ ಪಾಪು ಬಂದಿದ್ದು ಇವೆಲ್ಲ ಊಟದ ತಟ್ಟೆಯಲ್ಲಿ ಕಾಣಿಸಿಕೊಳ್ಳುತ್ತವೆ. ನಿದ್ದೆಯೂ ಅಷ್ಟೇ. ಮೂರರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡಿದ ಮಗು ಮರುದಿನ ಕಿರಿಕಿರಿಯನ್ನೂ ಮಾಡುತ್ತೆ, ಜಾಸ್ತಿಯೂ ತಿನ್ನುತ್ತೆ.

ಔಷಧಿಯ ವಿಷಯವೂ ಇದೆ. ವಿಪರೀತ ಸಿಟ್ಟು, ಹೊಡೆದಾಟಕ್ಕೆ ಕೊಡುವ ರಿಸ್ಪೆರಿಡೋನ್, ಫಿಟ್ಸ್‌ಗೆ ಕೊಡುವ ವಾಲ್‌ಪ್ರೊಯೇಟ್ ಮಾತ್ರೆಗಳು ಹಸಿವು, ತೂಕ ಎರಡನ್ನೂ ಹೆಚ್ಚಿಸಬಹುದು. ಹಾಗಂತ ನೀವೇ ಮಾತ್ರೆ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರಿಗೆ ‘ಇದು ಶುರು ಮಾಡಿದ ಮೇಲೆ ತಿನ್ನೋದು ಜಾಸ್ತಿ ಆಗಿದೆ’ ಅಂತ ಹೇಳಿ. ಪ್ರಮಾಣ ಬದಲಿಸಬೇಕೋ ಬೇರೆ ಕೊಡಬೇಕೋ ಅವರು ನೋಡುತ್ತಾರೆ.

ನಮ್ಮಲ್ಲಿ ಇದಕ್ಕೆಲ್ಲ ಸಿದ್ಧ ಉತ್ತರ ಒಂದಿದೆ: ‘ಹೊಟ್ಟೇಲಿ ಹುಳ ಆಗಿರ್ಬೇಕು.’ ಜಂತುಹುಳದ ಮಾತ್ರೆ ಕೊಡಿಸೋದು ಒಳ್ಳೆಯದೇ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಪುಕ್ಕಟೆಯಾಗಿ ಕೊಡುತ್ತಾರೆ. ಆದರೆ ಅಳು ಬಂದಾಗಷ್ಟೇ ಚಿಪ್ಸ್ ಕೇಳುವ ಮಗುವಿನ ಸಮಸ್ಯೆ ಆ ಮಾತ್ರೆಯಿಂದ ಹೋಗಲ್ಲ.

ಗಾಜಿನ ಡಬ್ಬಿಯ ಪಾಠ

ಸರಿ, ಎಲ್ಲವನ್ನೂ ಬಂದ್ ಮಾಡಿಬಿಟ್ಟರೆ? ಬಹಳ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ. ಡಬ್ಬಿ ಅಟ್ಟಕ್ಕೆ, ಬೀರುವಿಗೆ ಬೀಗ. ಅಮೆರಿಕದ ಪೆನ್ಸಿಲ್ವೇನಿಯಾದ ಸಂಶೋಧಕಿಯರಾದ ಜೆನಿಫರ್ ಫಿಶರ್ ಮತ್ತು ಲಿಯಾನ್ ಬರ್ಚ್ 1999ರಲ್ಲಿ ಪ್ರಕಟಿಸಿದ ಪ್ರಯೋಗ ಈ ಬೀಗದ ಬಗ್ಗೆಯೇ ಇದೆ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳ ಮೇಜಿನ ಮೇಲೆ ತಿಂಡಿ ಕಾಣುವಂತೆ ಪಾರದರ್ಶಕ ಡಬ್ಬಿಯಲ್ಲಿಟ್ಟರು. ಸ್ವಲ್ಪ ಹೊತ್ತು ಮಾತ್ರ ತೆಗೆದುಕೊಳ್ಳಲು ಬಿಟ್ಟರು. ಮಕ್ಕಳು ಆ ತಿಂಡಿ ಬಗ್ಗೆಯೇ ಮಾತಾಡಿದರು, ಅದನ್ನೇ ಕೇಳಿದರು, ಸಿಕ್ಕಾಗ ಜಾಸ್ತಿ ತೆಗೆದುಕೊಂಡರು. ಕಣ್ಣಿಗೆ ಕಾಣಿಸಿ ಕೈಗೆ ಕೊಡದಿದ್ದರೆ ಆಸೆ ಇಮ್ಮಡಿ. ಅಂಗಡಿ ಇಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ ಬಿಡಿ, ಕೌಂಟರ್ ಮೇಲೆ ಗಾಜಿನ ಡಬ್ಬಿ ಇಡುವುದೇ ಅದಕ್ಕೆ.

ಹಾಗಾಗಿ ಬೀಗಕ್ಕಿಂತ ಮನೆಗೆ ತರದಿರುವುದೇ ಸುಲಭ. ಬದಲಿಗೆ ಊಟ ತಿಂಡಿಗೆ ಹೊತ್ತು ಗೊತ್ತು ಮಾಡಿ: ಮೂರು ಊಟ, ನಡುವೆ ಎರಡು ಸಲ ಏನಾದರೂ. ಶೇಂಗಾ, ಬಾಳೆಹಣ್ಣು, ಮಂಡಕ್ಕಿ, ಮೊಸರು, ಬೇಯಿಸಿದ ಮೊಟ್ಟೆ, ಮನೆಯಲ್ಲಿ ಇರೋದೇ ಸಾಕು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳುವ ಸೂತ್ರ ನಮ್ಮ ಅಡುಗೆಮನೆಗೂ ಹೊಂದುತ್ತೆ: ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ತೀರ್ಮಾನ, ಎಷ್ಟು ಅನ್ನೋದು ಮಗುವಿನದು. ‘ಇನ್ನೊಂದು ತುತ್ತು, ಅಜ್ಜಿಗೋಸ್ಕರ’ ಅಂತ ತುರುಕೋದೂ ಬೇಡ, ‘ಎಷ್ಟು ತಿಂತೀಯೋ’ ಅಂತ ಕಣ್ಣು ಬಿಡೋದೂ ಬೇಡ. ಮೊಬೈಲ್ ತೋರಿಸಿ ತಿನ್ನಿಸಿದರೆ ಮಗುವಿಗೆ ಹೊಟ್ಟೆ ತುಂಬಿದ್ದೇ ತಿಳಿಯಲ್ಲ.

ಮಗು ಅಳುವಾಗ ಮೊದಲು ಎತ್ಕೊಳ್ಳಿ. ‘ಅಣ್ಣ ಆಟಿಕೆ ಕಿತ್ಕೊಂಡ ಅಂತ ಸಿಟ್ಟು ಬಂತಾ?’ ಅಂತ ಕೇಳಿ. ಪ್ಯಾಕೆಟ್ ಇಲ್ಲದೆ ಮೊದಲ ವಾರ ಅಳು ಜಾಸ್ತಿಯೇ ಆಗುತ್ತೆ, ಸುಳ್ಳು ಯಾಕೆ ಹೇಳೋದು. ಕೂಡು ಕುಟುಂಬದಲ್ಲಿ ಇದು ಇನ್ನೂ ಕಷ್ಟ. ಅಮ್ಮ ಇಲ್ಲ ಅಂದಿದ್ದನ್ನು ಅಜ್ಜ ಗುಟ್ಟಾಗಿ ತಂದುಕೊಡುತ್ತಾರೆ. ಅಜ್ಜನ ಕೈಯಲ್ಲಿ ಚೆಂಡೋ ಕಥೆಯೋ ಇರಲಿ ಅಂತ ಮನೆಯವರೆಲ್ಲ ಕೂತು ಮಾತಾಡಿದರೆ ಮಾತ್ರ ನಡೆಯುತ್ತೆ. ಮಗುವಿಗೆ ಹೊಡೆದರೆ ತಿನ್ನೋದು ನಿಲ್ಲಲ್ಲ, ಕದ್ದು ತಿನ್ನೋದು ಕಲಿಯುತ್ತೆ. ‘ಡುಮ್ಮ’, ‘ಹೊಟ್ಟೆಬಾಕ’ ಅಂತ ನೆಂಟರ ಮುಂದೆ ಕರೆದರೂ ಅಷ್ಟೇ.

ಅಂಗಡಿಯವರಿಗೆ ಎರಡು ಮಾತು

ವ್ಯಾಪಾರ ಬಿಡಿ ಅಂತ ಯಾರೂ ಹೇಳ್ತಿಲ್ಲ. ಆದರೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಅಂತ ಎಫ್‌ಎಸ್‌ಎಸ್‌ಎಐನ 2020ರ ನಿಯಮವೇ ಇದೆ. ಚಿಕ್ಕ ಮಕ್ಕಳಿಗೆ ಉದ್ರಿ ಬರೆಯಬೇಡಿ. ಒಂದೇ ಮಗು ದಿನಾ ಮೂರು ನಾಲ್ಕು ಸಲ ಬರ್ತಿದ್ದರೆ ಅಪ್ಪನಿಗೋ ಅಮ್ಮನಿಗೋ ಒಬ್ಬರೇ ಸಿಕ್ಕಾಗ ಹೇಳಿ, ಜನರ ಮುಂದೆ ಬೇಡ. ನಮ್ಮ ಓಣಿಯ ಅಂಗಡಿಯವರು ಈಗ ಆ ಹುಡುಗ ಬಂದರೆ ಒಳಗೆ ಕೂರಿಸಿ ಚಿಲ್ಲರೆ ಎಣಿಸೋಕೆ ಕೊಡುತ್ತಾರೆ. ಪ್ಯಾಕೆಟ್ ಕೇಳದೆ ಹೋಗುವ ದಿನಗಳೂ ಇವೆಯಂತೆ.

ಯಾವಾಗ ಆಸ್ಪತ್ರೆಗೆ?

ಕೆಲವು ಲಕ್ಷಣ ಕಂಡರೆ ತಡ ಮಾಡಬಾರದು. ಜಾಸ್ತಿ ತಿಂದರೂ ಮಗು ಸೊರಗುತ್ತಿದೆ, ಪದೇ ಪದೇ ನೀರು ಕುಡಿಯುತ್ತೆ, ಮೂತ್ರಕ್ಕೆ ಹೋಗುತ್ತೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿದೆ ಅಂದರೆ ಅದು ಮಕ್ಕಳ ಸಕ್ಕರೆ ಕಾಯಿಲೆ ಇರಬಹುದು. ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಹುಟ್ಟಿದಾಗ ಮೈ ಮೆತ್ತಗೆ, ಹಾಲು ಚೀಪಲೂ ಶಕ್ತಿ ಇಲ್ಲದಿದ್ದ ಮಗು ಎರಡು ಮೂರು ವರ್ಷದ ನಂತರ ಎಷ್ಟು ತಿಂದರೂ ತೃಪ್ತಿಯಿಲ್ಲದೆ ಆಹಾರ ಹುಡುಕುತ್ತಿದ್ದರೆ ಪ್ರೇಡರ್-ವಿಲ್ಲಿ ಎಂಬ ಅಪರೂಪದ ವಂಶವಾಹಿ ತೊಂದರೆಯ ಬಗ್ಗೆ ವೈದ್ಯರನ್ನು ಕೇಳಿ. ಅದು 15ನೇ ಕ್ರೋಮೋಸೋಮಿನ ದೋಷ. ಅಂಥ ಮಕ್ಕಳ ಮಿದುಳಿಗೆ ಹೊಟ್ಟೆ ತುಂಬಿದ ಸುದ್ದಿ ಸರಿಯಾಗಿ ಮುಟ್ಟಲ್ಲ. ಅಲ್ಲಿ ಮಾತ್ರ ಅಡುಗೆಮನೆಗೆ ಬೀಗ ಬೇಕಾಗುತ್ತೆ, ಅದೂ ವೈದ್ಯರ ಸಲಹೆಯಂತೆ. ಮಣ್ಣು, ಬಳಪ ತಿನ್ನುವ ಮಗುವಿಗೆ ರಕ್ತಹೀನತೆ ಇದೆಯೇ ನೋಡಿಸಿ.

ಮೊದಲ ಹೆಜ್ಜೆ ಅಂಗನವಾಡಿ. ಅಲ್ಲಿ ತೂಕ, ಎತ್ತರ ಅಳೆದು ಬೆಳವಣಿಗೆ ಪಟ್ಟಿ ತೋರಿಸುತ್ತಾರೆ. ಕಡಿಮೆ ತೂಕ ಮಾತ್ರವಲ್ಲ, ಎತ್ತರಕ್ಕೆ ಮೀರಿದ ತೂಕವೂ ಅದರಲ್ಲಿ ಕಾಣುತ್ತೆ. ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಮಗುವಿನ ನಡವಳಿಕೆಯ ವಿಷಯವನ್ನೂ ಹೇಳಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದು ಅಂತ ಹೊರರೋಗಿ ವಿಭಾಗದಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಯಾರ ಹತ್ರ ಕೇಳೋದು ಅಂತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.