ಶ್ವಾಸಕೋಶದ ಕ್ಯಾನ್ಸರ್, ರಕ್ತದ ಕಾಯಿಲೆ ಮತ್ತು ವಿಕಿರಣ ಚಿಕಿತ್ಸೆ



ಶ್ವಾಸಕೋಶದಲ್ಲಿ ಸಣ್ಣದೊಂದು ಕ್ಯಾನ್ಸರ್ ಗಂಟು. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ಟುಗಳು ಕೇವಲ 40,000. ಇಂಥ ಎರಡು ವರದಿಗಳು ಒಟ್ಟಿಗೆ ಕೈಗೆ ಬಂದಾಗ, ‘ರಕ್ತವೇ ಸರಿಯಿಲ್ಲದವರಿಗೆ ವಿಕಿರಣ ಕೊಡುವುದೆ?’ ಎಂದು ಮನೆಯವರು ಗಾಬರಿಗೊಳ್ಳುವುದು ಸಹಜ. ಗಂಟು ಎಷ್ಟು ಹರಡಿದೆ, ರಕ್ತದ ದೋಷ ಎಲ್ಲಿದೆ ಎಂಬ ಎರಡು ಸಂಗತಿಗಳನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಎರಡನೆಯದನ್ನೇ ಮೊದಲು ನೋಡೋಣ. ರಕ್ತಕಣಗಳು ಹುಟ್ಟುವುದು ಅಸ್ಥಿಮಜ್ಜೆಯಲ್ಲಿ. ಐ.ಟಿ.ಪಿ. ಎಂಬ ಕಾಯಿಲೆಯಲ್ಲಿ ಮಜ್ಜೆ ಬಹುಮಟ್ಟಿಗೆ ಕೆಲಸ ಮಾಡುತ್ತಲೇ ಇರುತ್ತದೆ. ತಯಾರಾದ ಪ್ಲೇಟ್‌ಲೆಟ್ಟುಗಳನ್ನು ದೇಹದ ಪ್ರತಿಕಾಯಗಳೇ ನಾಶಮಾಡುತ್ತವೆ. ಮೈಲೊಡಿಸ್ಪ್ಲೇಸಿಯಾದಲ್ಲಿ ಮಜ್ಜೆಯೇ ಕೆಟ್ಟಿರುತ್ತದೆ. ವರದಿಯ ಹಾಳೆಯ ಮೇಲೆ ಎರಡೂ 40,000! ಮೊದಲನೆಯದಾದರೆ ಸ್ಟೀರಾಯ್ಡ್ ಅಥವಾ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು, ಹಲವರಲ್ಲಿ ಕೆಲವೇ ದಿನಗಳೊಳಗೆ ಸಂಖ್ಯೆಯನ್ನು ಏರಿಸಿ ಶಸ್ತ್ರಚಿಕಿತ್ಸೆಗೂ ಅಣಿಗೊಳಿಸಬಹುದು. ಎರಡನೆಯದಕ್ಕೆ ಅಷ್ಟು ಸುಲಭದ ಉಪಾಯವಿಲ್ಲ. ಆದುದರಿಂದ ರಕ್ತರೋಗತಜ್ಞರನ್ನು ಕೇಳದೆ ಚಿಕಿತ್ಸೆ ಗೊತ್ತುಮಾಡುವುದು ಸಲ್ಲದು.

ಊರಿನಿಂದ ಬಂದ ತಂದೆತಾಯಿಗಳ ಹಳೆಯ ರಕ್ತಪರೀಕ್ಷೆಯ ಚೀಟಿಗಳು ಇಲ್ಲಿ ಬಹಳ ಬೆಲೆಯುಳ್ಳವು. ಹತ್ತು ವರ್ಷಗಳಿಂದ 90,000ದಲ್ಲೇ ನಿಂತಿರುವ ಸಂಖ್ಯೆ ಒಂದು ಬಗೆ, ಆರು ತಿಂಗಳಲ್ಲಿ ಎರಡು ಲಕ್ಷದಿಂದ ಅಲ್ಲಿಗೆ ಇಳಿದದ್ದು ಇನ್ನೊಂದು ಬಗೆ. ನಮ್ಮವರಲ್ಲಿ ಆಗಾಗ ಕಾಣುವ ತಲಸ್ಸೀಮಿಯಾ ವಾಹಕ ಸ್ಥಿತಿಯಿಂದ ಬರುವ ಅಲ್ಪ ರಕ್ತಹೀನತೆಯಂತೂ ವಿಕಿರಣಕ್ಕೆ ಅಡ್ಡಿಯೇ ಅಲ್ಲ.

ಈಗ ಗಂಟಿನ ವಿಷಯ. ಅದು ಸುಮಾರು 5 ಸೆಂಟಿಮೀಟರಿನೊಳಗಿದ್ದು ದುಗ್ಧಗ್ರಂಥಿಗಳಿಗೆ ಹಬ್ಬಿರದಿದ್ದರೆ, ಹಲವು ದಿಕ್ಕುಗಳಿಂದ ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವ ಸ್ಟೀರಿಯೋಟಾಕ್ಟಿಕ್ ಚಿಕಿತ್ಸೆಯುಂಟು. ಸಾಮಾನ್ಯವಾಗಿ ಮೂರರಿಂದ ಐದು ಸರದಿಯಲ್ಲಿ ಮುಗಿಯುತ್ತದೆ. ಮಜ್ಜೆಯ ಸ್ವಲ್ಪ ಭಾಗಕ್ಕಷ್ಟೇ ಕಿರಣ ತಾಗುವುದರಿಂದ ರಕ್ತಕಣಗಳ ಸಂಖ್ಯೆ ಹೆಚ್ಚಾಗಿ ಇಳಿಯದು. ಶಸ್ತ್ರಚಿಕಿತ್ಸೆಗೆ ಒಗ್ಗದ 55 ರೋಗಿಗಳ ಅಮೆರಿಕದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ತರುವಾಯ ಮೂಲ ಗಂಟು ಹತೋಟಿಯಲ್ಲಿದ್ದ ಪ್ರಮಾಣ ಶೇಕಡಾ 97.6, ಬದುಕಿ ಉಳಿದವರ ಪ್ರಮಾಣ ಶೇಕಡಾ 55.8. ಇವೆರಡರ ನಡುವಿನ ಅಂತರಕ್ಕೆ ಬೇರೆಡೆ ತಲೆಯೆತ್ತಿದ ಕ್ಯಾನ್ಸರೂ ಮೊದಲಿನಿಂದಿದ್ದ ಇತರ ಕಾಯಿಲೆಗಳೂ ಕಾರಣ. ವೈದ್ಯರು ಮೊದಲ ಅಂಕಿಯನ್ನು ಮಾತ್ರ ಹೇಳಿದರೆ ಎರಡನೆಯದನ್ನೂ ಕೇಳಿರಿ.

ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಲೆಕ್ಕ ಕಠಿಣ. ರೂಢಿಯ ಕ್ರಮವೆಂದರೆ ಆರು ವಾರಗಳಲ್ಲಿ 30 ಸರದಿ, ಒಟ್ಟು 60 ಗ್ರೇ, ಜೊತೆಗೆ ಕೀಮೋಥೆರಪಿ. ಮಜ್ಜೆಗೆ ಹೆಚ್ಚಿನ ಪೆಟ್ಟು ಬೀಳುವುದು ಸಾಮಾನ್ಯವಾಗಿ ಈ ಔಷಧಿಗಳಿಂದ. ಅದನ್ನು ಕೈಬಿಟ್ಟು ವಿಕಿರಣವನ್ನಷ್ಟೇ ಕೊಡಬಹುದು. ಆದರೆ ಗುಣವಾಗುವ ಸಾಧ್ಯತೆ ತಗ್ಗುತ್ತದೆ. ಇದನ್ನು ಮನೆಯವರಿಂದ ಮುಚ್ಚಿಡಬಾರದು.

ವಿಕಿರಣದಿಂದ ಮುಂದೆ ಲ್ಯುಕೀಮಿಯಾ ಬಂದೀತೆಂಬ ಭಯವೂ ನಿರಾಧಾರವಲ್ಲ. ಆದರೆ ಆ ಅಪಾಯ ಚಿಕ್ಕದು, ಸಾಮಾನ್ಯವಾಗಿ ವರ್ಷಗಳಾಚೆಯದು. ಚಿಕಿತ್ಸೆಯಿಲ್ಲದ ಶ್ವಾಸಕೋಶದ ಕ್ಯಾನ್ಸರ್ ಅಷ್ಟು ಕಾಯುವುದು ಅಪರೂಪ. 75ರ ವೃದ್ಧರಲ್ಲಿ ಆ ಭಯಕ್ಕೆ ನಾನು ಹೆಚ್ಚು ತೂಕ ಕೊಡಲಾರೆ, 45ರವರಲ್ಲಿ ಕೊಡುವೆನು.

ಕಡೆಯದಾಗಿ, ಪ್ಲೇಟ್‌ಲೆಟ್ ಕಡಿಮೆಯಿರುವವರು ಮಂಡಿನೋವಿಗೆಂದು ನುಂಗುವ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳಿಂದ ರಕ್ತಸ್ರಾವ ಹೆಚ್ಚಬಹುದು. ಊರಿನಿಂದ ತಂದ ಔಷಧಿಗಳೆಲ್ಲವನ್ನೂ ಚೀಲಸಮೇತ ವೈದ್ಯರ ಮೇಜಿನ ಮೇಲಿಡಿ.