ವಿದ್ಯುತ್ ವಾಹನಗಳ ಡಿಪೋ: ಯೂನಿಟ್ಟಿಗಿಂತ ವೇಳೆಯ ಲೆಕ್ಕ ಮುಖ್ಯ

ಸರಕು ಸಾಗಣೆಗೆ ವಿದ್ಯುತ್ ವಾಹನಗಳನ್ನು ಕೊಳ್ಳಲು ಯೋಚಿಸುತ್ತಿರುವ ವರ್ತಕರು ಹಾಗೂ ಸಣ್ಣ ಕೈಗಾರಿಕೋದ್ಯಮಿಗಳು ಸಾಮಾನ್ಯವಾಗಿ ಮಾಡುವ ಲೆಕ್ಕ ಒಂದೇ: ಕಿಲೋಮೀಟರಿಗೆ ಡೀಸೆಲ್ ಎಷ್ಟು, ಕರೆಂಟ್ ಎಷ್ಟು? ಈ ಲೆಕ್ಕ ತಪ್ಪಲ್ಲ, ಆದರೆ ಅಪೂರ್ಣ. ಡೀಸೆಲನ್ನು ಬೆಳಿಗ್ಗೆ ಹಾಕಿಸಿದರೂ ಸಂಜೆ ಹಾಕಿಸಿದರೂ ಬೆಲೆ ಒಂದೇ. ವಿದ್ಯುತ್ತು ಹಾಗಲ್ಲ. ಎಷ್ಟು ಬಳಸಿದಿರಿ ಎಂಬುದರ ಜೊತೆಗೆ ಯಾವಾಗ ಬಳಸಿದಿರಿ, ಒಂದೇ ವೇಳೆಗೆ ಎಷ್ಟು ಎಳೆದಿರಿ ಎಂಬುದಕ್ಕೂ ಹಣ ತೆರಬೇಕಾಗುತ್ತದೆ.

ಒಂದು ಘಟಕದ ಅನುಭವ

ನಮ್ಮ ಕಚೇರಿಯಲ್ಲಿ ಲೆಕ್ಕಪತ್ರಗಳ ಪರಿಶೋಧನೆಗೆ ಒಳಪಡುವ ಆಹಾರ ಪದಾರ್ಥಗಳ ತಯಾರಿಕಾ ಘಟಕವೊಂದು 12 ಸಣ್ಣ ವಿದ್ಯುತ್ ಸರಕು ವಾಹನಗಳನ್ನು ಕೊಂಡಿತು. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿ ಹೇಳುತ್ತೇನೆ. ಘಟಕದ ಎಚ್‌ಟಿ ಸಂಪರ್ಕದ ಒಪ್ಪಂದದ ಬೇಡಿಕೆ, ಅಂದರೆ ಕಾಂಟ್ರಾಕ್ಟ್ ಡಿಮ್ಯಾಂಡ್, 150 ಕೆವಿಎ. ಯಂತ್ರಗಳೆಲ್ಲವೂ ನಡೆಯುವಾಗ ಎಳೆಯುವುದು 120 ಕೆವಿಎ. ವಾಹನಗಳು ಸಂಜೆ 7 ಗಂಟೆಗೆ ಹಿಂದಿರುಗುತ್ತಿದ್ದವು. ಚಾಲಕರು ಎಲ್ಲ ವಾಹನಗಳನ್ನೂ ಚಾರ್ಜಿಗೆ ಹಚ್ಚಿ ಮನೆಗೆ ತೆರಳುತ್ತಿದ್ದರು. ಯಂತ್ರಗಳು ನಿಲ್ಲುತ್ತಿದ್ದುದು 8 ಗಂಟೆಗೆ.

ತಲಾ 7 ಕಿಲೋವ್ಯಾಟ್‌ನಂತೆ 12 ಚಾರ್ಜರುಗಳಿಗೆ 84 ಕಿಲೋವ್ಯಾಟ್. ಕಿಲೋವ್ಯಾಟ್‌ಗೂ ಕೆವಿಎಗೂ ಇರುವ ಅಲ್ಪ ವ್ಯತ್ಯಾಸವನ್ನು ಬಿಟ್ಟರೆ, ಆ ಒಂದು ಗಂಟೆಯಲ್ಲಿ ಒಟ್ಟು ಬೇಡಿಕೆ 204. ಅಂದರೆ ಒಪ್ಪಂದಕ್ಕಿಂತ 54 ಹೆಚ್ಚು. ಬೇಡಿಕೆ ಶುಲ್ಕವು ಕೆವಿಎಗೆ ತಿಂಗಳಿಗೆ 300 ರೂಪಾಯಿ ಎಂದೂ, ಮಿತಿ ಮೀರಿದ ಭಾಗಕ್ಕೆ ಎರಡು ಪಟ್ಟು ಎಂದೂ ಇಟ್ಟುಕೊಂಡರೆ ಹೆಚ್ಚುವರಿ ಹೊರೆ ತಿಂಗಳಿಗೆ 32,400 ರೂಪಾಯಿ. ತಿಂಗಳಲ್ಲಿ ಒಂದೇ ಒಂದು ಸಂಜೆ ಹೀಗಾದರೂ ಈ ಹೊರೆ ತಪ್ಪುವುದಿಲ್ಲ. ಏಕೆಂದರೆ ಮೀಟರು ದಾಖಲಿಸುವುದು ಆ ತಿಂಗಳ ಗರಿಷ್ಠ ಬೇಡಿಕೆಯನ್ನು, ಸರಾಸರಿಯನ್ನಲ್ಲ.

ಮೊದಲೆರಡು ತಿಂಗಳು ಈ ಮೊತ್ತವನ್ನು ನಾನೂ ಗಮನಿಸಲಿಲ್ಲವೆಂದು ಒಪ್ಪಿಕೊಳ್ಳಬೇಕು. ವಾಹನಗಳು ಬಂದಿವೆ, ಬಿಲ್ಲು ಏರಿದೆ, ಸಹಜವೇ ಎಂದುಕೊಂಡು ಖರ್ಚಿಗೆ ಬರೆಸಿದೆ. ಮೂರನೆಯ ತಿಂಗಳು ಮಾಲೀಕರು ಹೊಸ ಟ್ರಾನ್ಸ್‌ಫಾರ್ಮರಿನ ದರಪಟ್ಟಿಯೊಂದಿಗೆ ಬಂದು, ಸಾಲಕ್ಕೆ ಬ್ಯಾಂಕಿನ ಕಾಗದಪತ್ರ ಸಿದ್ಧಪಡಿಸಲು ಕೇಳಿದಾಗಲೇ ಬಿಲ್ಲಿನ ಪ್ರತಿ ಸಾಲನ್ನೂ ಓದಿದ್ದು.

ಪರಿಹಾರ: ಒಂದು ವೇಳಾಪಟ್ಟಿ

ಪ್ರತಿ ವಾಹನಕ್ಕೆ ದಿನವೊಂದಕ್ಕೆ ಸುಮಾರು 15 ಯೂನಿಟ್ ಬೇಕು. ಚಾರ್ಜಿಂಗ್‌ನಲ್ಲಾಗುವ ನಷ್ಟವನ್ನು ಸೇರಿಸಿದರೆ 12 ವಾಹನಗಳಿಗೆ ಸುಮಾರು 200 ಯೂನಿಟ್. ವಾಹನಗಳು ಗೇಟಿನೊಳಗೆ ನಿಂತಿರುವ ಅವಧಿ ಹತ್ತು ಗಂಟೆಗೂ ಮಿಕ್ಕಿ. ಚಾರ್ಜ್ ಆಗಲು ಬೇಕಾದುದು ಎರಡೂವರೆ ಗಂಟೆಗೂ ಕಡಿಮೆ. ಹೀಗಿರುವಾಗ ಎಲ್ಲವನ್ನೂ ಒಟ್ಟಿಗೆ ಹಚ್ಚುವ ಅಗತ್ಯವೇನಿತ್ತು?

ಚಾರ್ಜರುಗಳನ್ನು ನಾಲ್ಕು ನಾಲ್ಕರ ಮೂರು ತಂಡಗಳಾಗಿ ವಿಂಗಡಿಸಿ, ಪರವಾನಗಿ ಪಡೆದ ಗುತ್ತಿಗೆದಾರರಿಂದ ಪ್ರತಿ ತಂಡಕ್ಕೂ ಟೈಮರ್ ಹಾಕಿಸಲಾಯಿತು. ಮೊದಲ ತಂಡಕ್ಕೆ ರಾತ್ರಿ 10 ಗಂಟೆ, ಎರಡನೆಯದಕ್ಕೆ 12.30, ಮೂರನೆಯದಕ್ಕೆ ಬೆಳಗಿನ ಜಾವ 3. ಐದೂವರೆಯೊಳಗೆ ಎಲ್ಲವೂ ಸಿದ್ಧ. ನಸುಕಿನಲ್ಲೇ ಹೊರಡಬೇಕಾದ ವಾಹನಗಳಿಗೆ ಮೊದಲ ತಂಡದಲ್ಲಿ ಸ್ಥಾನ. ಈಗ ಚಾರ್ಜಿಂಗ್‌ನ ಹೊರೆ 84ರ ಬದಲು 28 ಕಿಲೋವ್ಯಾಟ್. ಅದೂ ಯಂತ್ರಗಳು ನಿಂತ ಮೇಲೆ. ಬಳಸುವ ಯೂನಿಟ್ಟುಗಳು ಅಷ್ಟೇ, ಓಡುವ ದೂರವೂ ಅಷ್ಟೇ. ಹೆಚ್ಚುವರಿ ಶುಲ್ಕ ನಿಂತಿತು, ಟ್ರಾನ್ಸ್‌ಫಾರ್ಮರಿನ ದರಪಟ್ಟಿ ಕಡತ ಸೇರಿತು.

ಸ್ಮಾರ್ಟ್ ವ್ಯವಸ್ಥೆ ಯಾವಾಗ ಬೇಕು?

ಟೈಮರ್‌ಗೆ ಕಣ್ಣಿಲ್ಲ. ಹಬ್ಬದ ಬೇಡಿಕೆಗಾಗಿ ರಾತ್ರಿ ಪಾಳಿ ಆರಂಭಿಸಿದರೆ ಅದಕ್ಕೆ ತಿಳಿಯದು. ವಾಹನಗಳ ಸಂಖ್ಯೆ ಹೆಚ್ಚಿದಾಗ, ಬರುವ ಹೋಗುವ ವೇಳೆ ನಿಶ್ಚಿತವಿಲ್ಲದಾಗ, ಸ್ಮಾರ್ಟ್ ಇಂಧನ ನಿರ್ವಹಣಾ ವ್ಯವಸ್ಥೆ ಬೇಕಾಗುತ್ತದೆ. ಅದರ ತತ್ತ್ವ ಸರಳ. ಮುಖ್ಯ ಸಂಪರ್ಕದಲ್ಲಿ ಮಾಪಕವೊಂದು ಇಡೀ ಕಟ್ಟಡದ ಬೇಡಿಕೆಯನ್ನು ಕ್ಷಣಕ್ಷಣಕ್ಕೂ ಅಳೆಯುತ್ತದೆ. ಮಿತಿಯೊಳಗೆ ಉಳಿದಷ್ಟನ್ನು ಮಾತ್ರ ತಂತ್ರಾಂಶವು ಚಾರ್ಜರುಗಳಿಗೆ ಹಂಚುತ್ತದೆ. ಬೇಗ ಹೊರಡುವ ವಾಹನಕ್ಕೆ ಹೆಚ್ಚು, ತಡವಾಗಿ ಹೊರಡುವುದಕ್ಕೆ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಯಂತ್ರಕ್ಕೆ ಕಲಿಸಿದಂತೆ. ಚಾರ್ಜರುಗಳು ಓಸಿಪಿಪಿ ಎಂಬ ಮುಕ್ತ ಸಂವಹನ ಕ್ರಮವನ್ನು ಅನುಸರಿಸುತ್ತವೆಯೇ ಎಂದು ಕೊಳ್ಳುವ ಮುನ್ನವೇ ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ಮುಂದೆ ಅದೇ ಮಾರಾಟಗಾರರ ತಂತ್ರಾಂಶಕ್ಕೇ ಕಟ್ಟುಬೀಳಬೇಕಾದೀತು.

ದರದ ನಿಯಮಗಳು

ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ಕೇಂದ್ರ ಸರ್ಕಾರವು 2023ರ ಜೂನ್‌ನಲ್ಲಿ ತಂದ ತಿದ್ದುಪಡಿಯು, 10 ಕಿಲೋವ್ಯಾಟ್‌ಗಿಂತ ಹೆಚ್ಚು ಬೇಡಿಕೆಯ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ 2024ರ ಏಪ್ರಿಲ್ 1ರಿಂದ ವೇಳೆಯಾಧಾರಿತ ದರವನ್ನು ವಿಧಿಸಿತು. ಅದರಂತೆ ಗರಿಷ್ಠ ಬೇಡಿಕೆಯ ವೇಳೆಯ ದರ ಸಾಮಾನ್ಯ ದರದ ಕನಿಷ್ಠ 1.20 ಪಟ್ಟು ಇರಬೇಕು. ಸೌರ ವೇಳೆಯ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕು. ಯಾವ ವೇಳೆ ಯಾವುದೆಂದು ನಿಗದಿಪಡಿಸುವುದು ಆಯಾ ರಾಜ್ಯದ ಆಯೋಗ. ಆದುದರಿಂದ ರಾತ್ರಿಯೇ ಸದಾ ಅಗ್ಗ ಎಂಬ ಹಳೆಯ ತಿಳಿವಳಿಕೆಯನ್ನು ಮರುಪರಿಶೀಲಿಸತಕ್ಕದ್ದು. ಮಧ್ಯಾಹ್ನ ಎರಡನೆಯ ಲೋಡಿಗೆಂದು ಹಿಂದಿರುಗುವ ವಾಹನವನ್ನು ಊಟದ ವೇಳೆಯಲ್ಲಿ ಚಾರ್ಜಿಗೆ ಹಚ್ಚುವುದು ಲಾಭದಾಯಕವಾಗಬಹುದು. ಚಾವಣಿಯ ಮೇಲೆ ಸೌರ ಫಲಕಗಳಿದ್ದರಂತೂ ಸರಿಯೇ. ಆದರೆ ವಾಹನಗಳೆಲ್ಲ ಹಗಲಿಡೀ ಹೊರಗಿರುವ ಡಿಪೋದಲ್ಲಿ ಸೌರ ವಿದ್ಯುತ್ತು ನೇರವಾಗಿ ಬ್ಯಾಟರಿ ಸೇರಲಾರದೆಂಬುದನ್ನೂ ಮರೆಯಬಾರದು.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ವಾಹನ ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ದರ ವರ್ಗವನ್ನು ನೀಡಿದೆ. ಈಗಿರುವ ಸಂಪರ್ಕದಲ್ಲೇ ಮುಂದುವರಿಯುವುದೋ, ಪ್ರತ್ಯೇಕ ಸಂಪರ್ಕ ಪಡೆಯುವುದೋ ಎಂಬುದನ್ನು ಚಾಲ್ತಿಯಲ್ಲಿರುವ ದರ ಆದೇಶವನ್ನು ಮುಂದಿಟ್ಟುಕೊಂಡೇ ನಿರ್ಧರಿಸಬೇಕು.

ಲೆಕ್ಕಪತ್ರದ ದೃಷ್ಟಿಯಿಂದ ಇನ್ನೊಂದು ಮಾತು. ವಿದ್ಯುತ್ ವಾಹನ ಹಾಗೂ ಚಾರ್ಜರುಗಳ ಮೇಲಿನ ಜಿಎಸ್‌ಟಿ 2019ರ ಆಗಸ್ಟ್‌ನಿಂದ ಶೇ. 5. ತೆರಿಗೆಗೊಳಪಡುವ ವ್ಯಾಪಾರಕ್ಕೆ ಬಳಸುವ ಸರಕು ಸಾಗಣೆ ವಾಹನಕ್ಕೆ ತೆತ್ತ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಉಂಟು. ವಿದ್ಯುತ್ತಿಗೆ ಜಿಎಸ್‌ಟಿಯೇ ಇಲ್ಲವಾದ್ದರಿಂದ ಕ್ರೆಡಿಟ್ಟಿನ ಮಾತೂ ಇಲ್ಲ. ಬಿಲ್ಲಿನಲ್ಲಿ ವ್ಯರ್ಥವಾದ ಪ್ರತಿ ರೂಪಾಯಿಯೂ ನೇರವಾಗಿ ಲಾಭದಿಂದ ಕಳೆಯುತ್ತದೆ.

ಸದಸ್ಯರು ಕೂಡಲೇ ಮಾಡಬಹುದಾದುದು

1. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳಿಂದ ಒಪ್ಪಂದದ ಬೇಡಿಕೆ ಮತ್ತು ದಾಖಲಾದ ಗರಿಷ್ಠ ಬೇಡಿಕೆಯನ್ನು ಒಂದೇ ಹಾಳೆಯಲ್ಲಿ ಬರೆಯಿರಿ.

2. ಪ್ರತಿ ವಾಹನ ಬಂದ ವೇಳೆ, ಹೊರಟ ವೇಳೆ, ಹಿಂದಿರುಗಿದಾಗ ಉಳಿದ ಚಾರ್ಜ್ ಇವನ್ನು ಗೇಟಿನ ಪುಸ್ತಕದಲ್ಲಿ ಒಂದು ತಿಂಗಳು ಬರೆಸಿರಿ.

3. ಬೇಡಿಕೆ ಶುಲ್ಕವನ್ನು ಯೂನಿಟ್ ಶುಲ್ಕದಿಂದ ಬೇರ್ಪಡಿಸಿ ಲೆಕ್ಕಕ್ಕೆ ಹಾಕಿರಿ.

ಈ ಮೂರು ಹಾಳೆಗಳನ್ನು ನೋಡಿದ ನಂತರವೇ ಟ್ರಾನ್ಸ್‌ಫಾರ್ಮರಿಗಾಗಲಿ ತಂತ್ರಾಂಶಕ್ಕಾಗಲಿ ಸಹಿ ಹಾಕಿರಿ. ಹೊಸ ಬಂಡವಾಳ ಬೇಕಾಗಲೂಬಹುದು. ಆದರೆ ಗಡಿಯಾರ ನೋಡಿ ಉಳಿಸಬಹುದಾದ ಹಣಕ್ಕೆ ಬ್ಯಾಂಕಿನ ಬಡ್ಡಿ ಕಟ್ಟುವುದು ವ್ಯಾಪಾರದ ಲಕ್ಷಣವಲ್ಲ.